ಸೀಟು ಕೊಟ್ಟ ಮೇಲೆ ಇಂಗ್ಲಿಷಿಗೆ ಬೇರೆ ಬಿಲ್ಲೇಕೆ?

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸೆಪ್ಟೆಂಬರಿನ ಪಾಠ ಶುರುವಾಗುವ ಮುಂಚೆ, ಬೇಸಿಗೆ ರಜೆಯಲ್ಲಿ, ಇನ್ನೊಂದು ಶಾಲೆ ನಡೆಯುತ್ತದೆ. ಪ್ರೀ-ಸೆಷನಲ್ ಇಂಗ್ಲಿಷ್ ಎಂದು ಅದರ ಹೆಸರು. ಎಂ.ಎಸ್‌ಸಿ.ಗೆ ಸೀಟು ಸಿಕ್ಕಿದೆ, ಆದರೆ ಐಇಎಲ್‌ಟಿಎಸ್‌ನಲ್ಲಿ ಕೇಳಿದ್ದು 6.5, ಬಂದದ್ದು 6. ಅಂಥವರು ಆರು ವಾರವೋ ಹತ್ತು ವಾರವೋ ಮೊದಲೇ ಹೋಗಿ, ಬೇರೆ ಶುಲ್ಕ ಕಟ್ಟಿ, ಅಲ್ಲಿ ಪಾಸಾಗಬೇಕು. ಅಂಕ ಕಡಿಮೆಯಾದಷ್ಟೂ ವಾರ ಹೆಚ್ಚು, ವಾರ ಹೆಚ್ಚಾದಷ್ಟೂ ದುಡ್ಡು ಹೆಚ್ಚು. ಇದನ್ನು ವಿದ್ಯಾರ್ಥಿಗೆ ಮಾಡುವ ಸಹಾಯ ಎನ್ನುತ್ತಾರೆ.

ಅಲ್ಲಿ ಕಲಿಸುವುದೇನು? ವ್ಯಾಕರಣ ಸ್ವಲ್ಪವೇ. ಓದಿದ್ದನ್ನು ಕದಿಯದೆ ತನ್ನ ಮಾತಿನಲ್ಲಿ ಬರೆಯುವುದು, ಆಕರ ಹೇಳುವುದು, ಉಪನ್ಯಾಸ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುವುದು, ಸೆಮಿನಾರಿನಲ್ಲಿ ಇನ್ನೊಬ್ಬರ ಮಾತನ್ನು ಜಗಳವಿಲ್ಲದೆ ಒಪ್ಪದಿರುವುದು. ಒಳ್ಳೆಯ ವಿದ್ಯೆಯೇ. ತಕರಾರು ಪಾಠದ ಮೇಲಲ್ಲ. ಐಇಎಲ್‌ಟಿಎಸ್ ಇದ್ಯಾವುದನ್ನೂ ಸರಿಯಾಗಿ ಅಳೆಯುವುದಿಲ್ಲ. ಅದರ ದೊಡ್ಡ ಪ್ರಬಂಧವೇ 250 ಪದ, ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಹಾಗಾಗಿ 7 ತಂದವನಿಗೂ ಈ ವಿದ್ಯೆ ಬಾರದಿರಬಹುದು, ಆದರೂ ಅವನು ನೇರ ಒಳಗೆ ಹೋಗುತ್ತಾನೆ. ಮ್ಯಾಂಚೆಸ್ಟರಿನಲ್ಲೇ ಹುಟ್ಟಿ ಬೆಳೆದ ಹುಡುಗಿಗೂ ಬಾರದಿರಬಹುದು. ಅವಳು ಲೈಬ್ರರಿಯ ಉಚಿತ ಕಾರ್ಯಾಗಾರದಲ್ಲಿ ಕೂತು ಕಲಿಯುತ್ತಾಳೆ. 6 ತಂದವನು ಮಾತ್ರ ಅದನ್ನು ಕೊಂಡುಕೊಳ್ಳಬೇಕು.

ಕಾರಣ ಗುಟ್ಟೇನಲ್ಲ. ಇಂಗ್ಲೆಂಡಿನ ವಿದ್ಯಾರ್ಥಿಯ ಪದವಿ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಿದೆ. ಹೊರದೇಶದವರ ಶುಲ್ಕಕ್ಕೆ ಮಿತಿಯೇ ಇಲ್ಲ. ಬೊಕ್ಕಸ ಅವರ ಮೇಲೆ ನಿಂತಿರುವಾಗ 6 ತಂದವರನ್ನು ಬೇಡವೆನ್ನಲು ಮನಸ್ಸು ಬರುವುದಿಲ್ಲ. ಪದವಿ ಓದಿನ ವೀಸಾಕ್ಕೆ ಬೇಕಾದ ಭಾಷಾಮಟ್ಟವನ್ನು ಅಳೆಯುವ ಅಧಿಕಾರವೂ ವಿಶ್ವವಿದ್ಯಾಲಯಕ್ಕೇ ಇದೆ. ತಕ್ಕಡಿಯೂ ಅವರದೇ, ಕಲ್ಲೂ ಅವರದೇ. ಕೈಸಡಿಲ ಬಿಟ್ಟು ಪಾಸು ಮಾಡಿದರೆ ಹುಡುಗ ವಿಭಾಗದಲ್ಲಿ ಮುಳುಗುತ್ತಾನೆ. ಫೇಲು ಮಾಡಿದರೆ ವೀಸಾ, ಮನೆಯವರ ಸಾಲ, ಒಂದು ವರ್ಷ ಎಲ್ಲ ಹೋಗುತ್ತದೆ. ಎರಡರಲ್ಲೂ ಬೇಸಿಗೆಯ ಶುಲ್ಕ ಜಮಾ ಆಗಿಯೇ ಇರುತ್ತದೆ.

ಈ ತರಗತಿಗಳಲ್ಲಿ ಚೀನಾದವರೇ ಹೆಚ್ಚು. ಭಾರತದವರು ಬಹುಪಾಲು ತಪ್ಪಿಸಿಕೊಳ್ಳುತ್ತಾರೆ, ಆದರೆ ಬೀಗುವಂಥದ್ದೇನೂ ಇಲ್ಲ. ಭಾಷಾ ಪರೀಕ್ಷೆಯಿಂದ ವಿನಾಯಿತಿ ಪಡೆದ ದೇಶಗಳ ಬ್ರಿಟಿಷ್ ಪಟ್ಟಿಯಲ್ಲಿ ಜಮೈಕಾ ಇದೆ, ಮಾಲ್ಟಾ ಇದೆ, ಭಾರತ ಇಲ್ಲ. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಬಿ.ಇ. ಮುಗಿಸಿದ ಹುಬ್ಬಳ್ಳಿಯ ಹುಡುಗನೂ ಒಂದು ಕಾಗದ ತೋರಿಸಲೇಬೇಕು. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕ ಸಾಕೆನ್ನುವ ವಿಶ್ವವಿದ್ಯಾಲಯಗಳೂ ಹಲವಿವೆ. ಅಲ್ಲೂ ಬೋರ್ಡಿಗೊಂದು ಕಟಾಫ್.

ಇಂಗ್ಲಿಷ್ ಬಾರದವರನ್ನು ಸೇರಿಸಿಕೊಳ್ಳುವುದೇ ತಪ್ಪು, 7 ಬಂದವರಷ್ಟೇ ಬರಲಿ ಎನ್ನುವವರಿದ್ದಾರೆ. ಅವರು ಭಾಷೆಯನ್ನು ಒಮ್ಮೆ ತುಂಬಿಸಿ ಮುಚ್ಚಳ ಹಾಕುವ ಡಬ್ಬಿ ಎಂದುಕೊಂಡಿದ್ದಾರೆ. ಕಾನೂನಿನ ಇಂಗ್ಲಿಷ್ ಕಾನೂನು ಓದುತ್ತಲೇ ಬರುವುದು, ಅಂಕಿಅಂಶದ ಇಂಗ್ಲಿಷ್ ಅಂಕಿಅಂಶ ಬರೆಯುತ್ತಲೇ. ಜುಲೈಯಲ್ಲಿ ಎಲ್ಲ ವಿಷಯದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಅರ್ಧವಷ್ಟೇ ಬಂದೀತು. ಸೀಟು ಕೊಟ್ಟವರು ಆ ಪಾಠವನ್ನು ವಿಭಾಗದೊಳಕ್ಕೆ ತರಲಿ, ವರ್ಷವಿಡೀ ನಡೆಸಲಿ, ಖರ್ಚನ್ನು ಮೂಲ ಶುಲ್ಕದಲ್ಲೇ ಹಿಡಿಯಲಿ. ಊರಿನ ಹುಡುಗಿಯೂ ಅದೇ ಬೆಂಚಿನಲ್ಲಿ ಕೂರಲಿ.

ಈಗ ನಡೆಯುವುದೇ ಬೇರೆ. ಬೇಸಿಗೆಯ ಮೇಷ್ಟ್ರುಗಳಲ್ಲಿ ಬಹಳ ಮಂದಿ ಕೆಲವು ವಾರಗಳ ಗುತ್ತಿಗೆಯವರು. ಯಾವ ವಿದ್ಯಾರ್ಥಿ ಎಲ್ಲಿ ತಡವರಿಸುತ್ತಾನೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅವನು ವಿಭಾಗದ ಮೊದಲ ತರಗತಿಗೆ ಹೋಗುವ ಹೊತ್ತಿಗೆ ಅವರ ಗುತ್ತಿಗೆ ಮುಗಿದಿರುತ್ತದೆ.