ಮಾತ್ರೆ ಬಿಡಿಸುವ ಹಿತೈಷಿಗಳಿಗೆ

"ಈಗ ಚೆನ್ನಾಗಿದ್ದೀಯಲ್ಲಪ್ಪ, ಇನ್ನೂ ಯಾಕೆ ಆ ಮಾತ್ರೆ?" ಕಳೆದ ವರ್ಷ ಊರಿನ ಮದುವೆಯೊಂದರಲ್ಲಿ ನನ್ನ ತಮ್ಮನಿಗೆ ಹೀಗೆಂದವರು ಹಿರಿಯರು, ಓದಿದವರು. ದೆಹಲಿಗೆ ಮರಳಿದ ಮೇಲೆ ಅವನು ಮಾತ್ರೆ ಬಿಟ್ಟ. ಎರಡು ತಿಂಗಳಲ್ಲಿ ನಿದ್ದೆಯಿಲ್ಲ, ಮಾತಿಗೆ ತಡೆಯಿಲ್ಲ; ಕೂಡಿಟ್ಟ ಹಣ ತೆಗೆದು ಒಂದೇ ವಾರದಲ್ಲಿ ಎರಡು ಸ್ಕೂಟರ್ ಕೊಂಡ. ಆಮೇಲೆ ಮೂರು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಆಗ ಹಿತೈಷಿಗಳ ಸುಳಿವಿಲ್ಲ.

ಬೈಪೋಲಾರ್ ಎಂಬ ಈ ಕಾಯಿಲೆಯಲ್ಲಿ ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ. ನಡುವೆ ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ನಾವು ಮೋಸ ಹೋಗುವುದು ಈ ನಡುವಿನ ಕಾಲದಲ್ಲಿ. ತಮ್ಮನಿಗೆ ಕೊಡುವ ಲಿಥಿಯಂ ನಿದ್ದೆಗುಳಿಗೆಯಲ್ಲ, ಒಂದು ಲವಣ. (ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಅದರ ಕೆಂಪು ಜ್ವಾಲೆ ಕಂಡಿದ್ದೆ. ಮನೆಗೇ ಬರುವುದೆಂದು ಎಣಿಸಿರಲಿಲ್ಲ.) ಉನ್ಮಾದಕ್ಕೆ ಅದರ ಉಪಯೋಗವನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಕಾಯಿಲೆ ಮರುಕಳಿಸದಂತೆ ತಡೆಯುವುದೇ ಅದರ ದೊಡ್ಡ ಕೆಲಸ. ಅದನ್ನು ಥಟ್ಟನೆ ಬಿಟ್ಟರೆ ಉನ್ಮಾದ ಮರಳುವ ಸಂಭವ ಹೆಚ್ಚು. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. ತೀರ ಹೆಚ್ಚಿದರೆ ವಿಷ. ರಕ್ತ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳು ಅದಕ್ಕೇ. ಇಲ್ಲಿನ ಜೂನ್ ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೂ ಮಟ್ಟ ಏರುತ್ತದೆ. "ಉಪ್ಪು ಬಿಡಿಸಿ" ಎಂಬ ಪುಕ್ಕಟೆ ಪಥ್ಯವೂ ಅಪಾಯವೇ.

"ಮದುವೆ ಮಾಡಿ, ಸರಿಹೋಗುತ್ತಾನೆ" ಎನ್ನುವವರೂ ನಮ್ಮಲ್ಲಿದ್ದಾರೆ. ಸ್ವಾಮಿ, ನಿಮ್ಮ ಬಿ.ಪಿ. ಮಾತ್ರೆಯನ್ನು ನಾನು ಬಿಡಿಸಿದ್ದೇನೆಯೇ? ಮುಂದಿನ ತಿಂಗಳ ಸಭೆಗೆ ತಮ್ಮ ಬರುತ್ತಾನೆ. ಊಟ ಆಯಿತೇ ಎಂದು ಕೇಳಿ. ಮಾತ್ರೆಯ ವಿಚಾರ ಅವನ ವೈದ್ಯರಿಗೆ ಬಿಡಿ.