ಚಪ್ಪಾಳೆ ಹೊಡೆಯೋಕೆ ರಿಟೈರ್ ಆಗೋವರೆಗೂ ಕಾಯ್ಬೇಕಾ?

(1/7)
ಎದುರಾಳಿ ತಂಡದ ಫ್ಯಾನ್ಸ್ ಒಬ್ಬರಿಗೋಸ್ಕರ ಸ್ಟೇಡಿಯಂ ತುಂಬಾ ಹಾಡ್ತಾರೆ ಅಂದ್ರೆ ಅವರು ಯಾರಿರಬಹುದು ಹೇಳಿ. ಪ್ಲೇಯರ್? ಕೋಚ್? ಯಾರೂ ಅಲ್ಲ. ಮೈಕ್ ಹಿಡಿದು ಕೂತಿದ್ದ 78 ವರ್ಷದ ಅಜ್ಜ.

2002ರ ಏಪ್ರಿಲ್ 6. ವೇಲ್ಸ್‌ನ ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ಸ್ಕಾಟ್ಲೆಂಡ್ ನಡುವೆ ರಗ್ಬಿ ಮ್ಯಾಚ್. ಬಿಬಿಸಿಯಲ್ಲಿ ಬಿಲ್ ಮೆಕ್ಲಾರೆನ್ ಅವರ ಕೊನೇ ಕಾಮೆಂಟರಿ. ಅವರು ಸ್ಕಾಟ್ಲೆಂಡ್‌ನವರು. ಅವತ್ತು ಗೆದ್ದಿದ್ದೂ ಸ್ಕಾಟ್ಲೆಂಡೇ, 27-22. ಆದ್ರೆ ವೇಲ್ಸ್ ಜನ ಅವರಿಗೋಸ್ಕರ, ಒಳ್ಳೇ ಮನುಷ್ಯರನ್ನ ಹೊಗಳೋಕೆ ಹಾಡೋ ಹಳೇ ಇಂಗ್ಲಿಷ್ ಹಾಡು ಹಾಡಿದ್ರು. ಒಬ್ಬ ಅಭಿಮಾನಿ ಅಂತೂ ಮೆಕ್ಲಾರೆನ್ ನಮ್ಮ ವೇಲ್ಸ್‌ನವರೇ ಅಂತ ಬ್ಯಾನರ್ ಹಿಡಿದಿದ್ದ!

ಆ ಗೌರವ ಹೇಗೆ ಸಿಕ್ತು, ನಮ್ಮಲ್ಲಿ ಯಾಕೆ ಸಿಗಲ್ಲ, ಇದೇ ನನ್ನ ಜಗಳ. ಸ್ವೈಪ್ ಮಾಡಿ.

(2/7)
ಹಾಯ್ಕ್ ಅಂತ ಸ್ಕಾಟ್ಲೆಂಡ್‌ನ ಗಡಿ ಭಾಗದಲ್ಲಿ ಒಂದು ಚಿಕ್ಕ ಊರು. ಉಣ್ಣೆ ಬಟ್ಟೆ ಮತ್ತು ರಗ್ಬಿ, ಎರಡಕ್ಕೂ ಹೆಸರು. ಮೆಕ್ಲಾರೆನ್ ಹುಟ್ಟಿದ್ದು ಅಲ್ಲೇ. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿ ಬಂದ್ರು. 1947ರಲ್ಲಿ ಸ್ಕಾಟ್ಲೆಂಡ್ ತಂಡದ ಟ್ರಯಲ್ ಮ್ಯಾಚ್ ಆಡಿದ್ರು. ಇನ್ನೇನು ಕನಸು ಕೈಗೆ ಸಿಕ್ತು ಅನ್ನೋ ಹೊತ್ತಿಗೆ ಕ್ಷಯ ರೋಗ. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೋಮೈಸಿನ್ ಔಷಧಿಯಿಂದ ಜೀವ ಉಳೀತು, ಆಟ ಮುಗೀತು.

ಆಮೇಲೆ? ಊರಿನ ಪೇಪರ್ ಹಾಯ್ಕ್ ಎಕ್ಸ್‌ಪ್ರೆಸ್‌ನಲ್ಲಿ ವರದಿ ಬರೆದ್ರು. 1953ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅಂತರರಾಷ್ಟ್ರೀಯ ಪಂದ್ಯದ ಮೊದಲ ಕಾಮೆಂಟರಿ. ಅದೂ ಸ್ಕಾಟ್ಲೆಂಡ್-ವೇಲ್ಸ್ ಮ್ಯಾಚೇ. ಅಲ್ಲಿಂದ 49 ವರ್ಷ. ಇಷ್ಟು ಹೆಸರು ಬಂದ್ಮೇಲೂ 1987ರವರೆಗೆ ಶಾಲೆಗಳಲ್ಲಿ ಪಿಟಿ ಮೇಷ್ಟ್ರಾಗೇ ಇದ್ರು. ಶನಿವಾರ ಇಡೀ ದೇಶ ಅವರ ದನಿ ಕೇಳ್ತಿತ್ತು, ಸೋಮವಾರ ಮಕ್ಕಳ ಮುಂದೆ ಸೀಟಿ ಊದ್ತಿದ್ರು.

(3/7)
ಈಗ ಮುಖ್ಯ ವಿಷಯ. ಅವರು ಶಾಲೆಯಲ್ಲಿ ತರಬೇತಿ ಕೊಟ್ಟ ಹುಡುಗರಲ್ಲಿ ಜಿಮ್ ರೆನ್ವಿಕ್, ಕಾಲಿನ್ ಡೀನ್ಸ್, ಟೋನಿ ಸ್ಟ್ಯಾಂಜರ್ ಸ್ಕಾಟ್ಲೆಂಡ್‌ಗೆ ಆಡಿದ್ರು. ಅವರ ಸ್ವಂತ ಅಳಿಯ ಅಲನ್ ಲಾಸನ್ ಕೂಡ. 1990ರಲ್ಲಿ ಇಂಗ್ಲೆಂಡ್ ಮೇಲೆ 13-7ರಿಂದ ಗೆದ್ದು ಸ್ಕಾಟ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಮಾಡ್ತು, ಅಂದ್ರೆ ಆ ವರ್ಷದ ಟೂರ್ನಿಯ ಎಲ್ಲಾ ಮ್ಯಾಚೂ ಗೆಲ್ತು. ಆ ದಿನ ನಿರ್ಣಾಯಕ ಟ್ರೈ ಹೊಡೆದಿದ್ದು ಇದೇ ಸ್ಟ್ಯಾಂಜರ್. ಯೋಚನೆ ಮಾಡಿ: ತನ್ನ ದೇಶ, ತನ್ನ ಊರು, ತಾನು ಕಲಿಸಿದ ಹುಡುಗ!

ಇಷ್ಟಿದ್ರೂ ಮೆಕ್ಲಾರೆನ್ ಒಂದು ಕಡೆ ವಾಲ್ತಾರೆ ಅನ್ನೋ ಹೆಸರು ಅವರಿಗೆ ಬರ್ಲೇ ಇಲ್ಲ. ಪ್ರತಿ ಮ್ಯಾಚಿಗೂ ಒಂದು ದೊಡ್ಡ ಹಾಳೆ ತುಂಬಾ, ಎರಡೂ ತಂಡದ ಎಲ್ಲಾ ಆಟಗಾರರ ಬಗ್ಗೆ, ಬಣ್ಣಬಣ್ಣದ ಪೆನ್ನಲ್ಲಿ ಕೈಯಾರೆ ಟಿಪ್ಪಣಿ ಬರ್ಕೊಳ್ತಿದ್ರು. ಎರಡೂ ತಂಡದ್ದು, ಗಮನಿಸಿ. ವೇಲ್ಸ್ ಜನ ಹಾಡಿದ್ದು ಆ ಹಾಳೆಗೆ ಕಣ್ರೋ. ಸಿಹಿ ಮಾತಿಗಲ್ಲ, ನ್ಯಾಯಕ್ಕೆ.

(4/7)
ನಾವು ಏನ್ ಮಾಡ್ತಿದೀವಿ? ನಮ್ಮ ಟೀಮ್ ಚೆನ್ನಾಗಿ ಆಡ್ಲಿಲ್ಲ ಅಂತ ಒಬ್ಬ ವರದಿಗಾರ ಬರೆದ್ರೆ ಹತ್ತು ನಿಮಿಷದಲ್ಲಿ ಕಾಮೆಂಟ್ಸ್ ರೆಡಿ: 'ಪೇಯ್ಡ್', 'ಹೇಟರ್', 'ಎಷ್ಟು ಕೊಟ್ರು?' ನಮ್ಮ ಸ್ಟಾರ್‌ನ ಹೊಗಳಿದ್ರೆ ಮಾತ್ರ 'ನಿಜವಾದ ಜರ್ನಲಿಸ್ಟ್'. ಅಂದ್ರೆ ನಮಗೆ ಬೇಕಿರೋದು ವರದಿಗಾರ ಅಲ್ಲ, ಪರಾಕು ಹೇಳೋನು.

'ಗುರು, ಪ್ಯಾಶನ್ ಇಲ್ದೆ ಕ್ರೀಡೆ ಯಾಕೆ?' ಅಂತೀರಾ. ಮೆಕ್ಲಾರೆನ್‌ಗೆ ಪ್ಯಾಶನ್ ಇರ್ಲಿಲ್ವಾ? ಹಾಯ್ಕ್ ಅಂದ್ರೆ ಪ್ರಾಣ, ಸಾಯೋವರೆಗೂ ಅದೇ ಊರಿನವರು. ಪ್ರೀತಿ ಇರೋದು ತಪ್ಪಲ್ಲ. ಪ್ರೀತಿಗೋಸ್ಕರ ಸ್ಕೋರ್ ತಿರುಚೋದು ತಪ್ಪು.

(5/7)
ಇನ್ನೊಂದು ವಾದ: 'ಕ್ಲಬ್‌ಗೇ ಸ್ವಂತ ಪೇಜ್ ಇದೆ, ಪ್ಲೇಯರೇ ಲೈವ್ ಬರ್ತಾನೆ, ಮಧ್ಯದಲ್ಲಿ ರಿಪೋರ್ಟರ್ ಯಾಕೆ?'

ಬಿಕಾಂ ಮಕ್ಕಳೇ, ಆಡಿಟಿಂಗ್ ನೋಟ್ಸ್ ತೆಗೀರಿ. 2013ರ ಕಂಪನಿ ಕಾಯ್ದೆ, ಸೆಕ್ಷನ್ 141: ಕಂಪನಿಯ ಉದ್ಯೋಗಿ ಅದೇ ಕಂಪನಿಯ ಆಡಿಟರ್ ಆಗೋ ಹಾಗಿಲ್ಲ. ಯಾಕೆ? ಸಂಬಳ ಕೊಡೋರ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಕೈ ನಡುಗುತ್ತೆ. ಪರೀಕ್ಷೆಯಲ್ಲಿ ಇದನ್ನ ಐದು ಮಾರ್ಕ್ಸಿಗೆ ಬರೀತೀವಿ. ಹೊರಗೆ ಬಂದು ಕ್ಲಬ್‌ನ ಪೇಜನ್ನೇ ಸುದ್ದಿ ಅಂತ ಓದ್ತೀವಿ. ಕ್ಲಬ್‌ನ ಪೇಜ್ ಜಾಹೀರಾತು ಕಣ್ರೋ. ಚೆನ್ನಾಗಿರುತ್ತೆ, ನಾನೂ ಲೈಕ್ ಒತ್ತೀನಿ. ಆದ್ರೆ ಅದು ಆಡಿಟ್ ರಿಪೋರ್ಟ್ ಅಲ್ಲ.

(6/7)
'ಬರೀ ಆಟ ತಾನೇ, ಇಷ್ಟು ಸೀರಿಯಸ್ ಯಾಕೆ?' ಅನ್ನೋರಿಗೆ ಒಂದೇ ದಿನಾಂಕ ನೆನಪಿಸ್ತೀನಿ. 2025ರ ಜೂನ್ 4. ಕಪ್ ಗೆದ್ದ ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಂದಿದ್ದು ನಮ್ಮ ಥರದವರೇ, ಸಂಭ್ರಮ ಪಡೋಕೆ.

ಅನುಮತಿ ಇತ್ತಾ? ಗೇಟ್‌ಗಳ ಹತ್ರ ಏನಾಯ್ತು? ಯಾರು ಯಾವಾಗ ಏನು ಹೇಳಿದ್ರು? ಈ ಪ್ರಶ್ನೆ ಕೇಳೋಕೆ ಸ್ಟೇಡಿಯಂ ಹೊರಗೂ ಆಸ್ಪತ್ರೆ ಬಾಗಿಲಲ್ಲೂ ನಿಂತವರು ವರದಿಗಾರರು. ಯಾವ ಫ್ಯಾನ್ ಪೇಜೂ ಆ ಕೆಲಸ ಮಾಡಲ್ಲ, ಯಾವ ಹೈಲೈಟ್ಸ್ ರೀಲೂ ಮಾಡಲ್ಲ. ತಂಡ ಗೆದ್ದಾಗ ಬೇಡವಾದ ವರದಿಗಾರ, ಫ್ಯಾನ್ ಸತ್ತಾಗ ಬೇಕಾಗ್ತಾನೆ. ಅಷ್ಟೊತ್ತಿಗೆ ಅವನನ್ನ 'ಪೇಯ್ಡ್' ಅಂತ ಬೈದು ಬೈದು ಓಡಿಸಿಬಿಟ್ಟಿದ್ರೆ ಕೇಳೋರು ಯಾರು?

(7/7)
ಮೆಕ್ಲಾರೆನ್ 2010ರಲ್ಲಿ ತೀರಿಕೊಂಡ್ರು. ಅವರ ಪುಣ್ಯ, ಹಾಡು ಅವರ ಕಿವಿಗೆ ಬಿದ್ದಿತ್ತು. ಎಷ್ಟೋ ವರದಿಗಾರರಿಗೆ ಆ ಭಾಗ್ಯ ಇಲ್ಲ. ರಿಟೈರ್ ಆದ ದಿನ ಒಂದು ಶಾಲು, ಒಂದು ಹಾರ, ನಾಲ್ಕು ಹಾರ್ಟ್ ಇಮೋಜಿ. ಮರುದಿನ ಅವರ ಜಾಗಕ್ಕೆ ಇನ್ನೊಬ್ಬರನ್ನ ಹಾಕಿದಾರಾ ಅಂತಾನೂ ನಾವು ನೋಡಲ್ಲ.

ಅದಕ್ಕೇ ಕೇಳ್ತೀನಿ, ಕೆಲಸದಲ್ಲಿ ಇರೋವಾಗ್ಲೇ ಗೌರವ ಕೊಡಿ. ಮ್ಯಾಚ್ ರಿಪೋರ್ಟ್ ಪೂರ್ತಿ ಓದಿ, ಬರೆದವರ ಹೆಸರು ನೋಡಿ. ಸ್ಕ್ರೀನ್‌ಶಾಟ್ ಹಾಕೋವಾಗ ಅವರ ಹೆಸರು ಕಟ್ ಮಾಡ್ಬೇಡಿ. ನಿಮ್ಮ ಟೀಮ್ ಬಗ್ಗೆ ಕಹಿ ಸತ್ಯ ಬರೆದಾಗ ಬೈಯೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದು ಸುಳ್ಳಾ, ಅಥವಾ ನನಗೆ ನೋವಾಯ್ತಾ? ಎರಡೂ ಬೇರೆ ಬೇರೆ.

ನಮ್ಮ ಕಾಲೇಜ್ ಕಬಡ್ಡಿ ಟೀಮ್ ಮುಂದಿನ ಸಲ ಆಡುವಾಗ ರೀಲ್ ಜೊತೆ ಹತ್ತು ಸಾಲು ವರದಿನೂ ಬರೀರಿ. ಎದುರಾಳಿ ಟೀಮ್‌ನ ಬೆಸ್ಟ್ ರೇಡರ್ ಹೆಸರು ಅದರಲ್ಲಿ ಇರ್ಲೇಬೇಕು. ಆ ಕಾಲೇಜಿನವರು ಬಂದು 'ಸರಿಯಾಗಿ ಬರೆದಿದೀಯ' ಅಂದ್ರೆ, ಅದೇ ದೊಡ್ಡ ಪ್ರಶಸ್ತಿ.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. 'ಪೇಯ್ಡ್' ಅಂತ ಮಾತ್ರ ಬರೀಬೇಡಿ, ನನಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. 🙏

#ರಗ್ಬಿ #ಬಿಲ್‌ಮೆಕ್ಲಾರೆನ್ #ಓದಿಆಮೇಲೆಬೈಯಿರಿ