ಹೊಂದಿಕೊಳ್ಳುವುದು ಯಾರ ಕರ್ಮ?

ಬೆಟ್ಟದ ಪ್ರಾಣಿಗಳನ್ನು ಕುರಿತ ವಿಜ್ಞಾನ ಸುದ್ದಿಗಳಲ್ಲಿ ಈಚೆಗೆ ಒಂದು ಕ್ರಿಯಾಪದ ಪದೇ ಪದೇ ಕಾಣಿಸಿಕೊಳ್ಳುತ್ತದೆ: ‘ಹೊಂದಿಕೊಳ್ಳುತ್ತಿವೆ’. ಆಲ್ಪ್ಸ್ ಪರ್ವತದ ಐಬೆಕ್ಸ್ ಮೇಕೆ ಸೆಕೆಗೆ ಹೊಂದಿಕೊಂಡು ರಾತ್ರಿ ಮೇಯುತ್ತದೆ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬಿಳಿ ಬೆಟ್ಟಮೇಕೆ ಅಳಿದುಳಿದ ಹಿಮದ ತುಣುಕಿನ ಮೇಲೆ ಮಲಗಿ ಮೈ ತಂಪು ಮಾಡಿಕೊಳ್ಳುತ್ತದೆ. ಪೈಕಾ ಬಂಡೆಗಳ ಸಂದಿಗೆ ಇಳಿಯುತ್ತದೆ. ಸಂಗತಿಗಳೆಲ್ಲ ನಿಜ. ಅವನ್ನು ಸಮಾಧಾನದ ಸುದ್ದಿಯಾಗಿ ಬಡಿಸುವುದು ಮಾತ್ರ ಮೋಸ. ಈ ಕ್ರಿಯಾಪದದ ಪರಿಚಯ ಕನ್ನಡದ ಹೆಣ್ಣುಮಕ್ಕಳಿಗೆ ಚೆನ್ನಾಗಿಯೇ ಇದೆ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿದವರು ತಾವು ಬದಲಾಗುವ ಮಾತನ್ನು ಆಡಿದ್ದು ಅಪರೂಪ.

ಪೈಕಾವನ್ನೇ ನೋಡಬಹುದು. ಮೊಲದ ಬಳಗಕ್ಕೆ ಸೇರಿದ, ಸುಮಾರು 150 ಗ್ರಾಂ ತೂಗುವ ಈ ಪ್ರಾಣಿ ಉತ್ತರ ಅಮೆರಿಕದ ಪಶ್ಚಿಮ ಪರ್ವತಗಳ ಕಲ್ಲುರಾಶಿಗಳಲ್ಲಿ ಬದುಕುತ್ತದೆ. ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ ಜಾತಿ ಇದಲ್ಲ. ಬೇಸಿಗೆಯಲ್ಲಿ ಹುಲ್ಲು, ಹೂ ಕಡಿದು ತಂದು ಪುಟ್ಟ ಬಣವೆ ಒಟ್ಟಿ, ಹಿಮ ಬಿದ್ದಾಗ ಅದನ್ನೇ ತಿಂದು ಕಾಲ ಕಳೆಯುತ್ತದೆ. ಅದರ ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಇನ್ನು ಮೂರು ಡಿಗ್ರಿಯಷ್ಟು ಏರಿದರೆ ಸಾವು. ಆದ್ದರಿಂದ ಬಿಸಿಲೇರಿದೊಡನೆ ಅದು ಕಲ್ಲುಗಳಡಿಯ ತಂಪಿಗೆ ಸರಿಯುತ್ತದೆ. ಜಾಣತನವೇ ಸರಿ. ಆದರೆ ಸಂದಿಯಲ್ಲಿ ಕುಳಿತ ಗಂಟೆಗಳಲ್ಲಿ ಬಣವೆ ಬೆಳೆಯುವುದಿಲ್ಲ. ಮೇಲಾಗಿ, ಚಳಿಗಾಲದಲ್ಲಿ ಅದನ್ನು ಕಂಬಳಿಯಂತೆ ಕಾಯುವುದು ದಟ್ಟ ಹಿಮ. ಹಿಮ ತೆಳುವಾದ ವರ್ಷ, ಬಿಸಿಯಾಗುತ್ತಿರುವ ಭೂಮಿಯ ಮೇಲೆಯೇ ಅದು ಚಳಿಗೆ ಸಾಯಬಹುದು.

ಪೈಕಾ ಅಷ್ಟು ದುರ್ಬಲವಲ್ಲ ಎಂದು ವಾದಿಸುವವರೂ ಇದ್ದಾರೆ. ಅವರಲ್ಲಿ ದಶಕಗಳ ಕಾಲ ಅದನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಸ್ಮಿತ್ ಪ್ರಮುಖರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಬೋಡಿಯಲ್ಲಿ ಹಳೆಯ ಚಿನ್ನದ ಗಣಿಗಳು ಸುರಿದು ಹೋದ ಕಲ್ಲುಗುಡ್ಡೆಗಳಲ್ಲಿ, ಸೆಕೆಯ ನಡುವೆಯೂ ಪೈಕಾಗಳಿವೆ. ಕೊಲಂಬಿಯಾ ನದಿಯ ಕಣಿವೆಯಲ್ಲಂತೂ, ಬಹುತೇಕ ಸಮುದ್ರಮಟ್ಟದಲ್ಲೇ, ಪಾಚಿಯನ್ನು ಮುಖ್ಯ ಆಹಾರ ಮಾಡಿಕೊಂಡು ಬದುಕಿವೆ. ಆದರೆ ಅದೇ ಬೋಡಿಯ ದಕ್ಷಿಣ ಭಾಗದ ಗುಡ್ಡೆಗಳು ಖಾಲಿಯಾದವು. ಟಾಹೋ ಸರೋವರದ ಬಳಿ, ಪ್ಲೂಟೋ ಬೆಟ್ಟದ ಸುತ್ತಲಿನ 165 ಚದರ ಕಿಲೋಮೀಟರ್ ಪ್ರದೇಶದಿಂದ ಪೈಕಾ ಕಾಣೆಯಾಗಿದೆ ಎಂದು 2017ರ ಅಧ್ಯಯನ ತೋರಿಸಿತು. ಒಂದು ಪ್ರಾಣಿ ಒಂದು ಮಧ್ಯಾಹ್ನವನ್ನು ದಾಟುವುದೂ ಒಂದು ಸಂತತಿ ಒಂದು ಶತಮಾನವನ್ನು ದಾಟುವುದೂ ಬೇರೆ ಬೇರೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತದೆ ಗಾದೆ. ಇಲ್ಲಿ ದೊಣ್ಣೆ ಬೀಸುವುದು ನಿಂತೇ ಇಲ್ಲ.

2010ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಪೈಕಾವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲು ನಿರಾಕರಿಸಿತು. ಕೆಳಗಿನ ಕೆಲವು ನೆಲೆಗಳು ಸೊರಗಬಹುದು, ಆದರೆ ಎತ್ತರದಲ್ಲಿ ಸಾಕಷ್ಟು ನೆಲೆ ಉಳಿದಿದೆ ಎಂಬುದು ಅದರ ತರ್ಕ. ಬೆಟ್ಟಕ್ಕೆ ತುದಿಯೂ ಇರುತ್ತದಲ್ಲ!

ಐಬೆಕ್ಸ್ ಕಥೆ ಇನ್ನೂ ಕಠಿಣ. 2024ರಲ್ಲಿ ಪ್ರಕಟವಾದ, ಇಟಲಿ ಮತ್ತು ಸ್ವಿಟ್ಜರ್‌ಲೆಂಡಿನ ಮೇಕೆಗಳ ಅಧ್ಯಯನದ ಪ್ರಕಾರ, ಸೆಕೆ ಹೆಚ್ಚಿದಷ್ಟೂ ಅವುಗಳ ರಾತ್ರಿ ಸಂಚಾರ ಹೆಚ್ಚುತ್ತದೆ, ಬೇಟೆಯಾಡುವ ಪ್ರಾಣಿಗಳಿರುವ ಕಡೆಯಲ್ಲೂ. ಹಗಲಿನ ಬೆಳಕಿಗೆ ಒಗ್ಗಿದ ಪ್ರಾಣಿಯೊಂದು ಕತ್ತಲಲ್ಲಿ ಕಡಿದಾದ ಬಂಡೆಗಳನ್ನು ಹತ್ತುತ್ತ, ತೋಳ ತಿರುಗುವ ಹೊತ್ತಿನಲ್ಲಿ ಮೇವು ಹುಡುಕುತ್ತದೆ. ಇಟಲಿಯ ಆಲ್ಪ್ಸ್‌ನಲ್ಲಿ ಅದರ ನೆರೆಯ ಶಾಮ್ವಾದ ಒಂದು ವರ್ಷದ ಮರಿಗಳು 1980ರ ದಶಕದಲ್ಲಿದ್ದುದಕ್ಕಿಂತ ಸುಮಾರು ಶೇ. 25ರಷ್ಟು ಹಗುರವಾಗಿವೆ. ಹೊಂದಾಣಿಕೆಯ ಬೆಲೆ ಮರಿಗಳ ಮೈಯಲ್ಲಿ ಹೀಗೆ ಬರೆದಿದೆ.

ಈ ಭಾಷೆ ಪ್ರಾಣಿಗಳಿಗಷ್ಟೇ ಮೀಸಲಾಗಿದ್ದರೂ ಸಿಟ್ಟು ಬರುವಂಥದ್ದೇ. ಆದರೆ ಅದು ಬೆಟ್ಟದ ಮೇಲೆಯೇ ನಿಂತಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಿಯಮ ಬೇಕಾದದ್ದೇ. ಆದರೆ ಮೂರು ಗಂಟೆಯಾದ ಮೇಲೆ ಸೆಕೆಯೇನು ಗಡಿಯಾರ ನೋಡಿ ಇಳಿಯುತ್ತದೆಯೇ? ಕರಾವಳಿಯಿಂದ ಅಲ್ಲಿಗೆ ಹೋಗಿ ದುಡಿಯುವ ಮೈಗೂ ಒಂದು ಮಿತಿ ಇದೆ, ಪೈಕಾದ ಮೈಗಿರುವಂತೆಯೇ. ತಂಪು ಕೋಣೆಯಲ್ಲಿ ಕುಳಿತವರು ಇಬ್ಬರ ಸಹನೆಯನ್ನೂ ಹೊಗಳುತ್ತಾರೆ.

ಈ ಸೆಕೆಯ ಮೂಲ ಕಲ್ಲಿದ್ದಲು, ತೈಲ, ಅನಿಲ. ಅವುಗಳ ದಹನ ಇಳಿಯದೆ ಯಾವ ವರ್ತನೆಯೂ ಆ ಪ್ರಾಣಿಗಳಿಗೆ ಹೆಚ್ಚು ಕಾಲ ಒದಗದು. ಇನ್ನು ಸುದ್ದಿ ಬರೆಯುವವರಿಂದ ಕೇಳುವುದು ಚಿಕ್ಕದು. ಐಬೆಕ್ಸ್ ರಾತ್ರಿ ಮೇಯಿತು ಎಂದು ಬರೆದ ಸಾಲಿನ ಪಕ್ಕದಲ್ಲೇ ಅದನ್ನು ಹಗಲಿನಿಂದ ಓಡಿಸಿದವರು ಯಾರು ಎಂಬುದನ್ನೂ ಬರೆಯಲಿ.